ಅಕ್ಕಯ್ಯನ ಮನೆ

ಬದನೆಕಾಯಿ ಕೊಳ್ಳಲು ಸಂತೆಗೆ ಹೋದರೂ ಅಳೆದೂ ಸುರಿದೂ ನೋಡಿ, ಕೊನೆಗೆ ಸಂತೆ ಮುಗಿಯುವ ಹೊತ್ತಿಗೆ ಬಾಡಿದ್ದನ್ನು ತರುವ ತಮ್ಮ ಏಳು ನೂರು ರೂಪಾಯಿಯ ಮೋಟರ್ ಕೊಳ್ಳುತ್ತಾನೆ ಎಂದರೆ ರಾಚಮ್ಮ ನಂಬುವವಳಲ್ಲ. ಆ ಧೈರ್ಯದ ಮೇಲೆಯೇ ಅವಳು ಆಷಾಢ ಪೂರ್ತಿ ನೆಮ್ಮದಿಯಾಗಿ ರಾಟೆ ತಿರುಗಿಸಿದಳು.

ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲ. ನೇಯ್ಗೆಯವರ ಬೀದಿಗೆ ಆ ವರ್ಷ ಕರೆಂಟಿನ ಕಂಬ ಬಂದಿತ್ತು. ಪಕ್ಕದ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಅಷ್ಟು ದೂರದ ಕೋಲಾರದ ಗಣಿಗೆ ಎಂದೋ ಓಡಿಹೋಗಿ ಚಿನ್ನ ತೆಗೆದಿತ್ತು. ಮಗ್ಗುಲಲ್ಲೇ ಇದ್ದ ಈ ಬೀದಿಯ ಕಡೆ ಮಾತ್ರ ಅದಕ್ಕೆ ದಾರಿ ಸಿಕ್ಕಿರಲಿಲ್ಲ. ಹತ್ತಿರದ ನೆಂಟರು ಹೀಗೇ ಅಲ್ಲವೆ, ಎಲ್ಲರ ಮನೆಗೂ ಹೋಗಿ ಕೊನೆಗೆ ನಮ್ಮ ಮನೆಗೆ ಬರುವುದು.

ಶ್ರಾವಣದಲ್ಲಿ ಕಂಬದ ಬೆನ್ನಿಗೇ ಮೋಟರಿನ ಏಜೆಂಟ್ ಬಂದ. ಕೊಯಮತ್ತೂರಿನವನು, ಅರ್ಧ ತಮಿಳು ಅರ್ಧ ಕನ್ನಡ. ರಾಚಮ್ಮನ ತಮ್ಮ ನಂಜುಂಡಯ್ಯನ ಜಗಲಿಯ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಹಿತ್ತಲ ಪಡಸಾಲೆಯಲ್ಲಿ ರಾಟೆ ತಿರುಗಿಸುತ್ತಿದ್ದ ರಾಚಮ್ಮನ ಕಡೆ ಬೆರಳು ತೋರಿಸಿ, "ಅಂದ ಅಮ್ಮಾ ಒಂದು ವಾರಕ್ಕೆ ಮಾಡೋ ಹುರಿ ನಮ್ಮ ಮಿಷನ್ನು ಒಂದೇ ದಿವಸಕ್ಕೆ ಮಾಡಿ ಎಸೀತದೆ ಸಾರ್. ಆರು ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್" ಎಂದ. ರೇಷ್ಮೆಯ ಎಳೆಗಳನ್ನು ಕೂಡಿಸಿ ಹುರಿ ಮಾಡಿದ ಮೇಲೆಯೇ ಮಗ್ಗಕ್ಕೆ ಏರಿಸಲು ಬರುವುದು. ಆ ಮನೆಯ ಮೂರು ಮಗ್ಗಕ್ಕೂ ಹುರಿ ಹೋಗಬೇಕಾದದ್ದು ರಾಚಮ್ಮನ ಕೈಯಿಂದ. ಎರಡು ಮಗ್ಗಕ್ಕೆ ಸಾಕಾಗುತ್ತಿತ್ತು. ಮೂರನೆಯದು ತಿಂಗಳಲ್ಲಿ ಹದಿನೈದು ದಿನ ನೂಲಿಲ್ಲದೆ ಖಾಲಿ ನಿಲ್ಲುತ್ತಿತ್ತು.

'ಅಂದ ಅಮ್ಮಾ', ಅಂದರೆ 'ಆ ಅಮ್ಮ', ಎಂದಾಗ ರಾಚಮ್ಮನ ಕೈ ಒಂದು ಕ್ಷಣ ತಡೆಯಿತು. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಹನೂರಿನ ಮಣ್ಣಿಗೆ ಕೊಟ್ಟು ತವರಿಗೆ ಬಂದವಳು ಅವಳು. ಬಂದ ದಿನವೇ ತಾಯಿ ರಾಟೆಯ ಮುಂದೆ ಕೂರಿಸಿ, "ಕೈಗೆ ಕೆಲ್ಸ ಇದ್ರೆ ಬಾಯಿಗೆ ಅನ್ನ ಇರ್ತದ ಕಣವ್ವ" ಎಂದಿದ್ದಳು. ಆಗ ನಂಜುಂಡ ಚಡ್ಡಿ ಹುಡುಗ. ತಾಯಿ ಹೋದಳು, ನಂಜುಂಡ ನಂಜುಂಡಯ್ಯನಾದ, ವಿಜಯಮ್ಮ ಸೊಸೆಯಾಗಿ ಬಂದಳು, ಮೂರು ಮಕ್ಕಳಾದವು. ರಾಚಮ್ಮ ಮಾತ್ರ ರಾಟೆ ಬಿಟ್ಟು ಏಳಲಿಲ್ಲ. ತಮ್ಮನಾಗಲಿ ಅವನ ಹೆಂಡತಿಯಾಗಲಿ ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೂ ಯಾರಾದರೂ "ಇದು ಯಾರ ಮನೆ?" ಎಂದು ಕೇಳಿದರೆ "ನನ್ನ ತಮ್ಮನ ಮನೆ" ಎಂದೇ ಅವಳ ಬಾಯಿಗೆ ಬರುತ್ತಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ಹೇಳಿ ಹೇಳಿ ಬೆಳೆಸಿದರೆ ಇನ್ನೇನಾಗುತ್ತದೆ? ಈ ಗಾದೆ ಕಟ್ಟಿದ ಮಹಾನುಭಾವ ಕೈಗೆ ಸಿಕ್ಕರೆ ರಾಟೆಗೆ ಕಟ್ಟಿ ತಿರುಗಿಸಬೇಕು.

ಅವಳ ಮಟ್ಟಿಗೆ ಆ ಮನೆಯಲ್ಲಿ ಅವಳ ಜಾಗ ರಾಟೆಯ ಮುಂದಿನ ಮಣೆ. ರಾಟೆ ಹೋದರೆ ಮಣೆ ಹೋಯಿತು, ಮಣೆ ಹೋದರೆ ಅವಳು ಯಾವ ಬಾಯಿಂದ ಆ ಮನೆಯ ಅನ್ನ ಉಣ್ಣಬೇಕು? ಹನೂರಿನಲ್ಲಿ ಮೈದುನ ಜಡೇಸ್ವಾಮಿ ಇದ್ದ. ವರ್ಷಕ್ಕೊಮ್ಮೆ ಮಾದಪ್ಪನ ಬೆಟ್ಟಕ್ಕೆ ಹೋಗುವಾಗ ಇವಳು ಅಲ್ಲಿ ಇಳಿದರೆ, ಒಂದು ಲೋಟ ನೀರು ಕೊಟ್ಟು ಮುಂದಿನ ಬಸ್ಸಿನ ಹೊತ್ತು ಹೇಳುವ ಮನುಷ್ಯ ಅವನು.

ಏಜೆಂಟ್ ಹೋದ ಮೇಲೆ ನಂಜುಂಡಯ್ಯ ಮೀಸೆ ಸವರಿಕೊಂಡು ಒಳಗೆ ಬಂದ. "ಅಕ್ಕಯ್ಯ, ಅಳಿಗುಳಿ ಮಣೆ ತಕಂಡು ಬಾ" ಎಂದ.

ಇದು ಆ ಮನೆಯ ಪದ್ಧತಿ. ತಾಯಿ ಓದು ಬರಹ ಕಂಡವಳಲ್ಲ. ಹಸು ಕೊಳ್ಳಬೇಕಾದರೂ, ಹೊಸ ಮಗ್ಗ ಹೂಡಬೇಕಾದರೂ ಅಳಿಗುಳಿ ಮಣೆಯ ಮುಂದೆ ಕೂರುತ್ತಿದ್ದಳು. ಮಣೆಯಲ್ಲಿ ಹದಿನಾಲ್ಕು ಗುಳಿ. ಗುಳಿಗೆ ಆಟದಲ್ಲಿ 'ಮನೆ' ಎನ್ನುತ್ತಾರೆ. ಒಂದೊಂದು ಮನೆ ಒಂದೊಂದು ತಿಂಗಳು. ಹಾಕುವ ದುಡ್ಡಿಗೆ ತಕ್ಕಷ್ಟು ಹುಣಿಸೆಬೀಜ ಮಣೆಗೆ ತುಂಬುವುದು, ತಿಂಗಳಿಗೆ ಎಷ್ಟು ಹಿಂದಿರುಗುತ್ತದೋ ಅಷ್ಟು ಬೀಜವನ್ನು ತಿಂಗಳು ತಿಂಗಳಿಗೂ ಎತ್ತುತ್ತ ಹೋಗುವುದು. "ಒಂದು ಸುತ್ಗೆ ಮಣೆ ಬರಿದಾದ್ರೆ ಕೊಳ್ಳು, ಎರಡ್ನೇ ಸುತ್ತು ಬೇಕು ಅಂದ್ರೆ ಬುಡು" ಎಂಬುದು ತಾಯಿಯ ಕಾನೂನು. ಹೆಂಗಸರ ಆಟದ ಮಣೆಯ ಮುಂದೆ ಮೀಸೆ ಹೊತ್ತವನು ಕೂರುತ್ತಾನಲ್ಲ ಎಂದು ಬೀದಿಯವರು ನಗುತ್ತಿದ್ದರು. ಆದರೆ ಹಿಂದಿನ ವರ್ಷ ಆಯಿಲ್ ಎಂಜಿನ್ನಿನ ಹುಚ್ಚು ಹತ್ತಿದಾಗ ಇದೇ ಮಣೆ ಅವನನ್ನು ಉಳಿಸಿತ್ತು. ಎಣ್ಣೆಯ ಖರ್ಚು ಕಳೆದರೆ ಎರಡು ಸುತ್ತು ಹೋದರೂ ಮಣೆ ಬರಿದಾಗುವಂತಿರಲಿಲ್ಲ. ಮಣೆಯನ್ನು ಕೇಳದೆ ಕೊಂಡ ಎದುರುಮನೆ ಕೆಂಪನಂಜಪ್ಪನ ಎಂಜಿನ್ನಿನಲ್ಲಿ ಈಗ ಕೋಳಿ ಕಾವಿಗೆ ಕೂತಿತ್ತು.

ಮಣೆ ರಾಚಮ್ಮನದು. ಮದುವೆಯಲ್ಲಿ ತಾಯಿ ಕೊಟ್ಟಿದ್ದು, ಅವಳ ಜೊತೆ ಹನೂರಿಗೆ ಹೋಗಿ ಅವಳ ಜೊತೆಯೇ ವಾಪಸು ಬಂದದ್ದು. ಬೀಜ ತೊಳೆದು ಒಣಗಿಸಿ ಕುಡಿಕೆಯಲ್ಲಿಟ್ಟು ಕಾಯುವವಳೂ ಅವಳೇ, ಮಣೆ ತುಂಬುವವಳೂ ಅವಳೇ.

ಅಂದು ಅವಳು ಮನೆಗೆ ಐದರಂತೆ ಎಪ್ಪತ್ತು ಬೀಜ ತುಂಬಿದಳು. ಬೀಜಕ್ಕೆ ಹತ್ತು ರೂಪಾಯಿ. ಮೋಟರು, ಹುರಿ ಮಿಷನ್ನು, ವೈರಿಂಗು, ಡಿಪಾಜಿಟ್ಟು ಎಲ್ಲ ಸೇರಿ ಏಳು ನೂರು. ನಂಜುಂಡಯ್ಯ ಬೆರಳು ಮಡಿಚಿದ. ಮೂರನೇ ಮಗ್ಗ ತಿಂಗಳು ಪೂರ್ತಿ ಆಡಿದರೆ ಐದು ಬೀಜ ಬರುತ್ತದೆ. ಕರೆಂಟಿನ ಬಿಲ್ಲು, ಬೆಲ್ಟು, ಎಣ್ಣೆಗೆ ಎರಡು ಬೀಜ ಹೋಗುತ್ತದೆ. ಮಿಕ್ಕುವುದು ಮೂರು.

"ರಾಟೆಗೆ ಏನ್ ಖರ್ಚು ಅದ ಈಗ?" ಎಂದಳು ವಿಜಯಮ್ಮ.

"ರಾಟೆಗೆ ಖರ್ಚೆಲ್ಲಿ? ಒಂದ್ ಚೂರು ಹರಳೆಣ್ಣೆ. ಅದು ಅಕ್ಕಯ್ಯನೇ ಹಾಕ್ಕತಾಳೆ."

ತಿಂಗಳಿಗೆ ಮೂರರಂತೆ ಎತ್ತಿದ. ಹದಿನಾಲ್ಕು ತಿಂಗಳು ಕಳೆದವು, ಮಣೆಯಲ್ಲಿ ಇಪ್ಪತ್ತೆಂಟು ಬೀಜ ಹಾಗೇ ಕೂತಿದ್ದವು. "ಆಗಾಕಿಲ್ಲ" ಎಂದು ನಂಜುಂಡಯ್ಯ ಮೇಲೆದ್ದ. ರಾಚಮ್ಮ ಬೀಜಗಳನ್ನು ಕುಡಿಕೆಗೆ ತುಂಬುವಾಗ ಸಣ್ಣಗೆ ಹಾಡು ಗುನುಗಿದಳು. ಬಲಭುಜ ಅಂದೂ ಸೆಳೆಯುತ್ತಿತ್ತು. ಸೆಳೆಯಲಿ ಬಿಡು ಎಂದುಕೊಂಡಳು.

ಆ ಸುಖ ಮೂರು ದಿನ ಬಾಳಿತು. ನಾಲ್ಕನೆಯ ದಿನ ಸಂಜೆ ಎಳೆ ಕಡಿದು ರಾಟೆ ನಿಂತಾಗ, ನಡುಮನೆಯಲ್ಲಿ ಗಂಡ ಹೆಂಡತಿ ಮಾತಾಡುವುದು ಅವಳ ಕಿವಿಗೆ ಬಿತ್ತು.

"ಅಕ್ಕಯ್ಯನ ಮನೆ ಬ್ಯಾರೆ ಮಾಡ್ದೆ ಇದು ಸರಿ ಓಗಾಕಿಲ್ಲ ಕಣೆ. ಇಷ್ಟ್ ದಿವ್ಸ ಒಟ್ಗೇ ಮಡಿಕಂಡು ಕೆಟ್ಟೆ" ಎಂದ ನಂಜುಂಡಯ್ಯ.

"ಅದುನ್ನೇ ನಾನು ಅವತ್ತಿಂದ ಬಡ್ಕತಾ ಇರೋದು" ಎಂದಳು ವಿಜಯಮ್ಮ. "ಮೋಟ್ರು ಬಂದ್ಮೇಲೆ ಅವ್ರುನ್ನ ಅಲ್ಲಿ ಕೂರಿಸ್ಕಂಡು ಏನ್ ಮಾಡೀರಿ?"

"ಅಮಾಸೆ ದಿನ ಕೂತು ತೀರ್ಮಾನ ಮಾಡ್ಬುಡವ. ಅಲ್ಲೀಗಂಟ ಅವ್ಳಿಗೆ ಏಳ್ಬ್ಯಾಡ. ಸುಮ್ಕೆ ಮನ್ಸು ಕೆಡಿಸ್ಕತಾಳೆ."

ರಾಚಮ್ಮ ಕಡಿದ ಎಳೆಯನ್ನು ಹಿಡಿದುಕೊಂಡು ಹಾಗೇ ಕೂತಳು. ಹೆದರಿದವರ ಮೇಲೆ ಹಾವು ಎಸೆದಂತೆ ಆಯಿತು. ಅವಳು ಇಷ್ಟು ವರ್ಷ ಯಾವ ಮಾತಿಗೆ ಹೆದರಿಕೊಂಡು ಬದುಕಿದ್ದಳೋ ಆ ಮಾತು ಅವಳ ಬೆನ್ನ ಹಿಂದೆಯೇ, ಅದೂ ತಮ್ಮನ ಬಾಯಿಂದ ಬಂದಿತ್ತು. ಬೇರೆ ಮನೆ ಎಂದರೆ ಎಲ್ಲಿ? ಹನೂರೇ? ಅಥವಾ ಬೀದಿಯ ಕೊನೆಯಲ್ಲಿ ಒಂದು ಬಾಡಿಗೆಯ ಕೋಣೆ, ಒಂದು ಒಲೆ, ಒಂದು ಮಡಕೆಯೇ? ಅಂದು ಸಂಜೆ ವಿಜಯಮ್ಮ ಮುದ್ದೆಯ ಮೇಲೆ ತುಪ್ಪ ಹಾಕಿದಾಗ, ಕಳಿಸುವವರು ಹೀಗೇ ತುಪ್ಪ ಹಾಕುತ್ತಾರೆ ಎಂದು ಅವಳಿಗೆ ಅನ್ನಿಸಿತು. ತುಪ್ಪ ದಿನಾ ಹಾಕುತ್ತಿದ್ದಳು ಎಂಬುದು ನೆನಪಾಗಲೇ ಇಲ್ಲ.

ಕೇಳಬಹುದಿತ್ತು. "ಏನ್ಲಾ ನಂಜುಂಡಾ, ನನ್ನ ಎಲ್ಲಿಗ್ಲಾ ಕಳಿಸ್ತಿ?" ಎಂದು ಒಂದು ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕೇಳಿದರೆ ಹೌದು ಎಂದುಬಿಟ್ಟರೆ? ಅದಕ್ಕೆ ಬದಲು, ತನ್ನ ಅನ್ನದ ಖರ್ಚು ಉಳಿಸಿ ಮತ್ತೆ ಲೆಕ್ಕಕ್ಕೆ ಕೂತರೂ, ಮಣೆಯೇ ಬೇಡ ಎನ್ನುವಂತೆ ಮಾಡುವುದು ವಾಸಿ. ಮಣೆ ಬೇಡ ಎಂದರೆ ನಂಜುಂಡ ಬ್ರಹ್ಮ ಬಂದು ಹೇಳಿದರೂ ಮೋಟರ್ ಕೊಳ್ಳುವುದಿಲ್ಲ. ಮಣೆ ತುಂಬುವವಳು ತಾನೇ ಅಲ್ಲವೆ?

ಅಮಾವಾಸ್ಯೆಯ ದಿನ ಮಗ್ಗಕ್ಕೆ ರಜ. ತಲೆಗೆ ಎರೆದುಕೊಂಡು, ಊಟ ಮುಗಿಸಿ ಮೂವರೂ ನಡುಮನೆಯಲ್ಲಿ ಕೂತರು. ರಾಚಮ್ಮ ಮಣೆ ತುಂಬಿದಳು. ಧೈರ್ಯ ಬಾರದೆ ಮೊದಲ ಮೂರು ಮನೆಗೆ ಐದೈದೇ ಹಾಕಿದಳು, ಮಿಕ್ಕ ಹನ್ನೊಂದು ಮನೆಗೆ ಆರಾರು. ಸಾಲದೆ ಹೋದರೆ ಎಂದು ಸೀರೆಯ ನಡುವಿನ ಗಂಟಿನಲ್ಲಿ ಇನ್ನೊಂದು ಹಿಡಿ ಬೀಜ ಬೇರೆ ಕಟ್ಟಿಕೊಂಡಿದ್ದಳು. ಜನ್ಮದಲ್ಲಿ ಒಂದು ಸೂಜಿ ಕದ್ದವಳಲ್ಲ. ತುಂಬುವಾಗ ಎರಡು ಬೀಜ ಕೈತಪ್ಪಿ ನೆಲಕ್ಕೆ ಉರುಳಿದವು, ಆಯ್ದು ಮತ್ತೆ ಮಣೆಗೆ ಹಾಕಿದಳು.

"ಭುಜ ನೋಯ್ತದಾ ಅಕ್ಕಯ್ಯ?" ಎಂದ ನಂಜುಂಡಯ್ಯ.

"ಇಲ್ಲ ಕಣಪ್ಪ" ಎಂದಳು. ಅವನು ಹಾಗೆ ಕೇಳಿದ್ದು ಅವಳಿಗೆ ಮುಳ್ಳು ಚುಚ್ಚಿದಂತಾಯಿತು.

ಅಂಗಡಿಯಲ್ಲಿ ಚಿಲ್ಲರೆಯನ್ನು ಎರಡು ಸಲ ಎಣಿಸುವ ನಂಜುಂಡಯ್ಯ, ಅಕ್ಕಯ್ಯ ತುಂಬಿದ ಮಣೆಯನ್ನು ಮಾತ್ರ ಹುಟ್ಟಿದಾಗಿನಿಂದ ಎಣಿಸಿದವನಲ್ಲ. ಅಂದೂ ಎಣಿಸಲಿಲ್ಲ. ಮಣೆಯ ಪಕ್ಕದಲ್ಲಿ ಎರಡು ಹಿತ್ತಾಳೆ ಬಟ್ಟಲು ಇಟ್ಟುಕೊಂಡ. ಈ ಸಲ ಒಂದೊಂದು ಮನೆಯಿಂದಲೂ ಐದೈದು ಬೀಜ ಎತ್ತತೊಡಗಿದ. ಮೂರು ದೊಡ್ಡ ಬಟ್ಟಲಿಗೆ, ಎರಡು ಚಿಕ್ಕ ಬಟ್ಟಲಿಗೆ. ಯಾಕೆ ಐದು, ಯಾಕೆ ಎರಡು ಬಟ್ಟಲು ಎಂದು ರಾಚಮ್ಮ ಕೇಳಲಿಲ್ಲ. ಅವಳ ಕಣ್ಣೆಲ್ಲ ಮನೆಗಳಲ್ಲಿ ಉಳಿಯುತ್ತಿದ್ದ ಒಂಟಿ ಬೀಜಗಳ ಮೇಲಿತ್ತು.

ಹದಿನಾಲ್ಕನೆಯ ಮನೆ ಮುಟ್ಟಿದ ಮೇಲೆ ನಂಜುಂಡಯ್ಯ ಮಣೆ ನೋಡಿದ. ಹನ್ನೊಂದು ಬೀಜ ಅವನನ್ನೇ ನೋಡುತ್ತಿದ್ದವು.

"ಇದೇನಿದು? ತೀರ್ಬೇಕಿತ್ತಲ್ಲ" ಎಂದ. "ಎತ್ತುವಾಗ ನಾಕೇ ಎತ್ಬುಟ್ನಾ?"

ಬಟ್ಟಲಿನ ಬೀಜ ಸುರಿದು ಎಣಿಸಿದ. ಸರಿಯಾಗಿ ಎಪ್ಪತ್ತು. ಹಣೆಯ ಮೇಲೆ ಬೆವರು ಬಂತು. "ಹದ್ನಾಕೈದ್ಲಿ ಎಷ್ಟು ವಿಜಯಾ?"

"ಎಪ್ಪತ್ತು."

"ಸರ್ಯಾಗಿ ಏಳು."

"ಎಷ್ಟ್ ಸಲ ಏಳುದ್ರೂ ಎಪ್ಪತ್ತೇ ಕಣ್ರಿ."

"ಹಂಗಾರೆ ನಮ್ ಮೇಷ್ಟ್ರೇ ಮಗ್ಗಿ ತಪ್ಪು ಏಳ್ಕೊಟ್ರಾ?" ಎಂದು ತಲೆ ಕೆರೆದುಕೊಂಡ. ಕಾಳಿನ ಮೇಲೆ ಅನುಮಾನ ಬರಲಿಲ್ಲ, ಅಕ್ಕನ ಮೇಲೆ ಬರಲಿಲ್ಲ. ಮಗ್ಗಿಯ ಮೇಲೆ ಬಂತು. ಇಂಥವನು ನನ್ನನ್ನು ಹೇಗೆ ಕಳಿಸಲು ಒಪ್ಪಿದ ಎಂದು ರಾಚಮ್ಮ ಸಂಕಟಪಟ್ಟಳು.

ನಂಜುಂಡಯ್ಯ ಸುರಿದ ಬೀಜಗಳನ್ನು ಮತ್ತೆ ಎರಡು ಬಟ್ಟಲಿಗೆ ತುಂಬಿದ. "ಬ್ಯಾಡ ಬುಡು. ಅವ್ವನ ಕಾನೂನು ಮೀರಾದ್ ಬ್ಯಾಡ. ಅಕ್ಕಯ್ಯನ ಮನೆ ಬ್ಯಾರೆ ಮಾಡುದ್ರೂ ತೀರ್ನಿಲ್ಲ ಅಂದ್ಮೇಲೆ ಏನ್ ಮಾಡಾಕಾಯ್ತದ?" ಅವನ ಕಣ್ಣಲ್ಲಿ ನೀರಾಡಿತು. "ಅಕ್ಕಯ್ಯ, ಇನ್ನೊಂದೆರಡ್ ವರ್ಷ ನಿನ್ ಭುಜ ಸವೀಬೇಕಲ್ಲವ್ವ."

ರಾಚಮ್ಮ ತಲೆ ಎತ್ತಿದಳು. "ಯಾವ್ ಮನೆ?"

"ಇದೇ" ಎಂದು ನಂಜುಂಡಯ್ಯ ಚಿಕ್ಕ ಬಟ್ಟಲನ್ನು ಅವಳ ಮುಂದೆ ಸರಿಸಿದ. "ಮಣೇಲಿ ಜಾಗ ಇರ್ನಿಲ್ಲ. ಅದ್ಕೆ ಬಟ್ಲು ಮಡುಗ್ದೆ. ಇದು ನಿನ್ ಮನೆ."

ರಾಚಮ್ಮ ಬಟ್ಟಲು ನೋಡಿದಳು, ತಮ್ಮನನ್ನು ನೋಡಿದಳು. ವಿಜಯಮ್ಮನೇ ಹೇಳಿದಳು: "ಅವತ್ತು ಇವ್ರು ರಾಟೆಗೆ ಖರ್ಚೇ ಇಲ್ಲ ಅಂದ್ರಲ್ಲ, ನಂಗೆ ಮೈ ಉರೀತು. ಅಕ್ಕಯ್ಯನ ಭುಜ ಖರ್ಚಲ್ವಾ ಅಂದೆ. ನಿಮ್ಮುನ್ನ ರಾಟೆ ಜೊತೆ ಒಂದೇ ಮನೇಲಿ ಹಾಕಿ ಸೊನ್ನೆ ಬರ್ಕಂಡಿದ್ರು. ರಾಟೆ ಬ್ಯಾರೆ, ನೀವು ಬ್ಯಾರೆ. ನೀವು ರಾಟೆ ಬುಟ್ರೆ ಕೆಚ್ಚಾಕೆ ಕೂರ್ಬೋದು."

ಕೆಚ್ಚುವುದು ಎಂದರೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಮಗ್ಗದಲ್ಲಿರುವ ಹಳೆಯ ಎಳೆಗೆ ಹೊಸೆದು ಕೂಡಿಸುವುದು. ಸಾವಿರಾರು ಎಳೆ, ಬೆರಳು ಮೆತ್ತಗಿರಬೇಕು, ಮನಸ್ಸು ನಿಂತಿರಬೇಕು. ಹುಡುಗಿಯಾಗಿದ್ದಾಗ ರಾಚಮ್ಮ ಕೆಚ್ಚಿದರೆ ಗಂಟು ಹುಡುಕಲು ಭೂತಕನ್ನಡಿ ಬೇಕು ಎನ್ನುತ್ತಿದ್ದರು. ರಾಟೆ ಅದನ್ನು ಬಿಡಿಸಿತ್ತು. ಈಗ ಆ ಕೆಲಸಕ್ಕೆ ಪಕ್ಕದ ಬೀದಿಯ ಚನ್ನಾಜಮ್ಮನಿಗೆ ತಿಂಗಳಿಗೆ ಇಪ್ಪತ್ತು ರೂಪಾಯಿ ಹೋಗುತ್ತಿತ್ತು.

"ಅವ್ಳಿಗೆ ವಯಸ್ಸಾಯ್ತು, ಬರಾಕಿಲ್ಲ ಇನ್ಮೇಲೆ ಅಂತ ಅವ್ಳೇ ಅಂದವ್ಳೆ" ಎಂದ ನಂಜುಂಡಯ್ಯ. "ಆ ಇಪ್ಪತ್ತೇ ಈ ಎರಡು ಬೀಜ. ಮೂರೂ ಎರಡೂ ಐದು. ಒಂದೇ ಸುತ್ತು ಅಂತ ಬಾಯಿಲೆಕ್ಕ ಹಾಕಿದ್ದೆ. ಮಣೆ ಮುಂದೆ ಕುಂತ್ರೆ ಹನ್ನೊಂದು ಮಿಕ್ತದ. ಈ ಕಾಳು ಎಲ್ಲಿಂದ ಬಂದ್ವೋ ಮಾದಪ್ಪನೇ ಬಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ರಾಚಮ್ಮನ ಕೈ ತಾನಾಗಿ ನಡುವಿನ ಗಂಟಿಗೆ ಹೋಯಿತು. ಅವಸರದಲ್ಲಿ ಕಟ್ಟಿದ ಗಂಟು. ಮುಟ್ಟಿದ್ದೇ ತಡ ಬಿಚ್ಚಿಕೊಂಡು ಹುಣಿಸೆಬೀಜಗಳು ಸಿಮೆಂಟಿನ ನೆಲದ ಮೇಲೆ ಟಪಟಪನೆ ಉದುರಿದವು. ಒಂದು ಹೋಗಿ ನಂಜುಂಡಯ್ಯನ ಕಾಲಿಗೆ ತಗುಲಿ ನಿಂತಿತು.

ಅವಳು ಮುಖ ಮುಚ್ಚಿಕೊಂಡಳು. "ನಾನೇ ಕಣ್ಲಾ ನಂಜುಂಡಾ. ನಾನೇ ಆರಾರು ಹಾಕ್ದೆ. ಅಕ್ಕಯ್ಯನ ಮನೆ ಬ್ಯಾರೆ ಮಾಡವ ಅಂದ್ರಲ್ಲ, ನನ್ನ ಹನೂರಿಗೆ ಅಟ್ತೀರಿ ಅಂದ್ಕಂಡೆ. ಮೋಟ್ರು ಬಂದ್ರೆ ನಾನ್ಯಾಕೆ ನಿಮ್ಗೆ ಅಂದ್ಕಂಡೆ."

ವಿಜಯಮ್ಮನಿಗೆ ಸಿಟ್ಟೇ ಬಂತು. "ನನ್ನ ಬಾಣಂತನ ಮೂರೂ ಮಾಡ್ದೋರು ನೀವು. ನನ್ನ ಅಂಥೋಳು ಅಂದ್ಕಂಡ್ರಲ್ಲ, ಅದ್ ಹೆಂಗ್ ಬಂತು ನಿಮ್ಮ ಮನ್ಸಿಗೆ?" ಎಂದು ಜೋರಾಗಿ ಅತ್ತು, ಅಳುತ್ತಲೇ ಬಂದು ರಾಚಮ್ಮನ ಕುತ್ತಿಗೆ ತಬ್ಬಿಕೊಂಡಳು.

ನಂಜುಂಡಯ್ಯನ ಮುಖದಲ್ಲಿ ಮಾತ್ರ ಬೆಳಕು ಬಂದಿತ್ತು. "ಹಂಗಾರೆ ಹದ್ನಾಕೈದ್ಲಿ ಎಪ್ಪತ್ತೇ!" ಎಂದ. "ಥೂ, ನನ್ ಜೀವಾನೇ ಓಗಿತ್ತಲ್ಲೇ ಅಕ್ಕಯ್ಯ. ಮಗ್ಗೀನೇ ಮರ್ತೋದ್ನಲ್ಲ ಅಂತ." ಇಬ್ಬರು ಹೆಂಗಸರೂ ಅಳುವುದು ಬಿಟ್ಟು ಅವನನ್ನು ನೋಡಿದರು. ಅವನು ನಗಲು ಹೋಗಿ ನಗಲಾರದೆ, ಬಗ್ಗಿ ನೆಲದ ಬೀಜ ಆಯತೊಡಗಿದ. ಆಯುತ್ತಲೇ ತಲೆ ಎತ್ತದೆ ಹೇಳಿದ: "ನಾನು ಮೂರ್ ವರ್ಷದವ್ನಾಗಿದ್ದಾಗ ನೀನು ನನ್ನ ಸೊಂಟದ ಮ್ಯಾಲೆ ಕೂರಿಸ್ಕಂಡು ಗುಡಿಗೆ ಓಯ್ತಿದ್ದೆ. ನಿನ್ನ ಎಲ್ಲಿಗ್ ಕಳಿಸ್ಲವ್ವ ನಾನು? ಕಳ್ಸಿ ನಾನ್ ಎಲ್ಲಿರ್ಲಿ?"

ರಾಚಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಣೆಯನ್ನು ಹತ್ತಿರ ಎಳೆದುಕೊಂಡು ಮತ್ತೆ ತುಂಬಿದಳು. ಈ ಸಲ ಐದೈದೇ. "ಎಣಿಸ್ಕಳಪ್ಪ" ಎಂದಳು.

"ನೀ ತುಂಬಿದ್ನ ನಾ ಎಣಿಸಾಕಿಲ್ಲ" ಎಂದ ನಂಜುಂಡಯ್ಯ, ಮತ್ತೆ ಎತ್ತತೊಡಗಿದ. ಹದಿನಾಲ್ಕನೆಯ ಮನೆಯ ಕೊನೆಯ ಬೀಜ ಚಿಕ್ಕ ಬಟ್ಟಲಿಗೆ ಬಿದ್ದಾಗ ಮಣೆ ಬರಿದಾಗಿತ್ತು.

ಮೋಟರ್ ಬಂತು. ನಂಜುಂಡಯ್ಯ ಏಜೆಂಟನ ಜೊತೆ ಅರ್ಧ ದಿನ ಚೌಕಾಸಿ ಮಾಡಿ ಬೆಲ್ಟನ್ನು ಪುಕ್ಕಟೆ ಹಾಕಿಸಿಕೊಂಡ. ರಾಟೆಯನ್ನು ಅಟ್ಟಕ್ಕೆ ಏರಿಸುವಾಗ ರಾಚಮ್ಮ ಅದರ ಹಿಡಿಯನ್ನು ಬೇಗ ಬಿಡಲಿಲ್ಲ, ಸುಳ್ಳು ಹೇಳಬಾರದು. ಆದರೆ ರಾಟೆ ಏರಿದ ಮೇಲೆ ಆ ಜಾಗದ ಪಕ್ಕದ ಮಗ್ಗಕ್ಕೆ ಹಿತ್ತಲ ಬಾಗಿಲಿನ ಬೆಳಕು ನೇರ ಬೀಳತೊಡಗಿತು. ಕೆಚ್ಚುವ ಕೆಲಸಕ್ಕೆ ಅಂಥ ಬೆಳಕೇ ಬೇಕು. ಮೊದಲ ಹಾಸನ್ನು ಕೆಚ್ಚುವಾಗ ಬೆರಳು ತಡವರಿಸಿತು. ಮಧ್ಯಾಹ್ನದ ಹೊತ್ತಿಗೆ ನೆನಪು ಮಾಡಿಕೊಂಡಿತು.

ಮೀಟರ್ ಹಾಕುವವನು ಬಂದದ್ದು ಆ ದಿನವೇ. ಬೀದಿಗೆ ಹೊಸಬ, ಈರೋಡಿನ ಕಡೆಯ ಹುಡುಗ. ನಂಜುಂಡಯ್ಯ ಪೇಟೆಗೆ ಹೋಗಿದ್ದ, ವಿಜಯಮ್ಮ ಬಾವಿಯ ಹತ್ತಿರ ಇದ್ದಳು. ಅವನು ಹೊಸ್ತಿಲಾಚೆ ನಿಂತು ಒಳಗೆ ಇಣುಕಿದ. ಬಾಯಲ್ಲಿ ಎಳೆ ಕಚ್ಚಿಕೊಂಡು ಮಗ್ಗದ ಮೇಲೆ ಬಗ್ಗಿದ್ದ ಹೆಂಗಸನ್ನು ಕಂಡು, "ಇದು ಯಾರ್ ವೀಡಮ್ಮಾ?" ಎಂದು ಕೇಳಿದ.

ರಾಚಮ್ಮ ಬಾಯಿಂದ ಎಳೆ ತೆಗೆದಳು.

"ಇದಾ? ನಮ್ಮನೆ ಕಣಪ್ಪ, ಒಳಕ್ಕೆ ಬಾ" ಎಂದಳು. ಮತ್ತೆ ಬಗ್ಗಿ ಮುಂದಿನ ಎಳೆ ಹುಡುಕಿದಳು.